ಉಮೇದುವಾರನ ಅನುಭವ ಪತ್ರ

ಇಲ್ಲಿ ಏನೂ ಬರೆಯದೆ ತಿಂಗಳುಗಳೇ ಆದವು. ಕೆಲಸದ ಗಡಿಬಿಡಿ ಅಂತ ನೆಪ ಹೇಳಬಹುದು. ನಿಜ ಹೇಳಬೇಕು ಅಂದ್ರೆ ಸೋಮಾರಿತನ :) ಈ ಸಲ ಬರೆಯೋಕೆ ಕಾರಣ ನನ್ನ ಚಿಕ್ಕಪ್ಪನ ಮಗ.

ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮೂರು ಐರಣಿ. ಹಾವೇರಿ ಜಿಲ್ಲೆ, ರಾಣೇಬೆನ್ನೂರು ತಾಲ್ಲೂಕು, ತುಂಗಭದ್ರೆಯ ದಂಡೆ. ಹೊಳೆಮಠದ ಹೆಸರು ಕೇಳಿದವರಿಗೆ ಊರು ಗೊತ್ತಿರುತ್ತೆ. ಉಳಿದವರಿಗೆ "ಹರಿಹರದ ಕಡೆ, ಆದ್ರೆ ಹೊಳೆಯ ಈಚೆ ದಂಡೆ" ಅಂತ ಹೇಳ್ತೀನಿ. ಸಂಜೆ ತಮ್ಮನ ಜೊತೆ ಹಾಳುಬಿದ್ದ ಕೋಟೆಯ ಕಡೆ ಅಡ್ಡಾಡೋಕೆ ಹೋದೆ. ಅವನು ಬಿ.ಸಿ.ಎ. ಮುಗಿಸಿ ಒಂದೂವರೆ ವರ್ಷ ಆಯ್ತು. ಒಂದು ಕಲ್ಲಿನ ಮೇಲೆ ಕೂತು, ಮೊಬೈಲು ತೆಗೆದು ನನ್ನ ಕೈಗೆ ಕೊಟ್ಟ.

"ಅಣ್ಣಾ, ಇದನ್ನೊಂದು ನೋಡು. ಎಲ್ಲಾರೂ ಎರಡು ವರ್ಷದ ಅನುಭವ ಕೇಳ್ತಾರ. ಕೆಲಸ ಕೊಟ್ರ ತಾನೆ ಅನುಭವ ಬರೋದು? ಇಲ್ಲೊಬ್ಬಾವ ರೊಕ್ಕಾ ಕೊಟ್ರ ಎರಡು ವರ್ಷದ ಸರ್ಟಿಫಿಕೇಟು ಮಾಡಿಸಿಕೊಡ್ತಾನಂತ. ಕಂಪನಿ ಹೆಸರು, ಪಗಾರ ಚೀಟಿ, ಎಲ್ಲಾ. ಮಾಡಿಸ್ಲೇನು?"

ಅಪ್ಪನ ಹತ್ರ ಅರ್ಧ ದುಡ್ಡು ಕೇಳಿ ಇಟ್ಟುಕೊಂಡಿದ್ದ. ಇನ್ನರ್ಧಕ್ಕೆ ನನ್ನ ಮುಖ ನೋಡ್ತಿದ್ದ.

ಬೇಡ ಅಂತ ಹೇಳೋದು ಸುಲಭ. ಆದ್ರೆ ಅವನ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಕೆಲಸಕ್ಕೆ ಅನುಭವ ಬೇಕು, ಅನುಭವಕ್ಕೆ ಕೆಲಸ ಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದೊಂದು ಮುಗಿಯದ ಲೂಪು. "ಎರಡು ದಿನ ತಡಿ, ಹೇಳ್ತೀನಿ" ಅಂದೆ. ಆ ಎರಡು ದಿನ ಯೋಚನೆ ಮಾಡಿದ್ದು, ಆಮೇಲೆ ಬೆಂಗಳೂರಿಗೆ ಬಂದು ಓದಿ ಕೆದಕಿದ್ದು, ಎಲ್ಲಾ ಸೇರಿ ಈ ಬರಹ. ನಾನು ಇತಿಹಾಸ ಓದಿದವನಲ್ಲ, ಇಂಜಿನಿಯರಿಂಗ್ ಮಾಡಿದವನು. ತಪ್ಪಿದ್ರೆ ತಿದ್ದಿ.

ನಾವು ಕೂತಿದ್ದ ಕೋಟೆಯಿಂದಲೇ ಶುರು ಮಾಡ್ತೀನಿ.

*

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಇದು ಎಲ್ಲರಿಗೂ ಗೊತ್ತು. ಅದರ ಮಾರನೇ ದಿನದಿಂದ ಸಾವಿರಾರು ಸಿಪಾಯಿಗಳು, ಕುದುರೆ ಸವಾರರು ನಿರುದ್ಯೋಗಿಗಳಾದರು ಅನ್ನೋದನ್ನ ಮಾತ್ರ ನಾವು ಅಷ್ಟಾಗಿ ನೆನೆಸಿಕೊಳ್ಳೋದಿಲ್ಲ. ಅವರಿಗೆ ಅನುಭವ ಬೇಕಾದಷ್ಟಿತ್ತು. ಆ ಅನುಭವಕ್ಕೆ ಸಂಬಳ ಕೊಡುತ್ತಿದ್ದ ಅರಮನೆಯೇ ಇರಲಿಲ್ಲ. ನಮ್ಮ ಕ್ಷೇತ್ರದಲ್ಲಿ ಒಂದೇ ಮೇಲ್‌ನಲ್ಲಿ ಇಡೀ ವಿಭಾಗವನ್ನ ಮನೆಗೆ ಕಳಿಸ್ತಾರಲ್ಲ, ಹೆಚ್ಚುಕಡಿಮೆ ಹಾಗೆ.

ಆಗ ಜೈಲಿಂದ ಹೊರಬಂದವನು ಧೋಂಡಿಯಾ ವಾಘ್. ಚನ್ನಗಿರಿಯವನು, ಹೈದರನ ಕುದುರೆ ಪಡೆಯಲ್ಲಿದ್ದವನು, ಆಮೇಲೆ ಟಿಪ್ಪುವಿನ ಸೆರೆಯಲ್ಲಿದ್ದವನು. ಕೆಲಸ ಕಳೆದುಕೊಂಡ ಆ ಸವಾರರೆಲ್ಲ ಇವನ ಬೆನ್ನಿಗೆ ಬಂದರು. ತನ್ನನ್ನ ತಾನು ಎರಡು ಲೋಕಗಳ ದೊರೆ ಅಂತ ಕರೆದುಕೊಂಡು ತುಂಗಭದ್ರೆಯ ಎರಡೂ ದಂಡೆಗಳಲ್ಲಿ ಓಡಾಡಿದ. ಇವನ ಬೆನ್ನು ಹತ್ತಿ ಬಂದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1800ರ ಜೂನ್‌ನಲ್ಲಿ ಅವನ ಸೈನ್ಯ ಹರಿಹರದ ಹತ್ರ ಹೊಳೆ ದಾಟಿತು. ಅದೇ ತಿಂಗಳು ನಮ್ಮ ಐರಣಿ ಕೋಟೆ ಅವನ ಸೈನ್ಯದ ವಶವಾಯಿತು. ಜೂನ್ 27ಕ್ಕೆ ರಾಣೇಬೆನ್ನೂರು. ಸೆಪ್ಟೆಂಬರ್ 10ರಂದು ಧೋಂಡಿಯಾ ಕೋಣಗಲ್ ಹತ್ರ ಸತ್ತ.

ಈಗ ಈ ವೆಲ್ಲೆಸ್ಲಿಯ ರೆಸ್ಯೂಮೆ ನೋಡೋಣ. ಐರಣಿಗೆ ಬಂದಾಗ ಅವನಿಗೆ 31 ವರ್ಷ. ಏಳು ವರ್ಷ ಮೊದಲು, 1793ರಲ್ಲಿ, 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಹುದ್ದೆಯನ್ನ ದುಡ್ಡು ಕೊಟ್ಟು ಕೊಂಡಿದ್ದ. ಹೌದು, ಕೊಂಡಿದ್ದ! ಕದ್ದುಮುಚ್ಚಿ ಅಲ್ಲ. ಬ್ರಿಟಿಷ್ ಸೈನ್ಯದಲ್ಲಿ ಆಗ ಹುದ್ದೆಗಳಿಗೆ ರೇಟು ಇತ್ತು. ಆ ಪದ್ಧತಿ ಹೋಗಿದ್ದು 1871ರಲ್ಲಿ. ದುಡ್ಡು ಬಂದಿದ್ದು ಅವನ ಅಣ್ಣ ರಿಚರ್ಡ್‌ನಿಂದ. ಅದೇ ಅಣ್ಣ 1798ರಲ್ಲಿ ಗವರ್ನರ್ ಜನರಲ್ ಆಗಿ ಬಂದ.

ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ತುಕಡಿಯ ಮುಂದೆ ನಿಂತವನು ಡೇವಿಡ್ ಬೇರ್ಡ್. ವೆಲ್ಲೆಸ್ಲಿಗಿಂತ ಹಿರಿಯ. ಮೊದಲು ಇದೇ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಹೈದರ್-ಟಿಪ್ಪು ಅವರ ಸೆರೆಯಲ್ಲಿ ಕೊಳೆತವನು. ಊರಿನ ಅನುಭವ ಅವನಿಗಿಂತ ಯಾರಿಗೆ ಹೆಚ್ಚು? ಆದ್ರೆ ಕೋಟೆ ಬಿದ್ದ ಮೇಲೆ ಅಲ್ಲಿನ ಅಧಿಕಾರ ಸಿಕ್ಕಿದ್ದು ಗವರ್ನರ್ ಜನರಲ್ ತಮ್ಮನಿಗೆ. ಬೇರ್ಡ್ ಈ ನೋವನ್ನ ಮರೆಯಲಿಲ್ಲ.

ಇಷ್ಟು ಓದಿದ ಮೇಲೆ ವೆಲ್ಲೆಸ್ಲಿಯನ್ನ "ಅಣ್ಣನ ಬಲದವನು" ಅಂತ ಪಕ್ಕಕ್ಕೆ ತಳ್ಳಿಬಿಡೋಣ ಅನ್ನಿಸುತ್ತೆ. ನನಗೂ ಅನ್ನಿಸಿತು. ಆದ್ರೆ ಹುದ್ದೆ ಕೊಂಡದ್ದಾದರೂ ಅನುಭವ ಕೊಂಡದ್ದಲ್ಲ. ಧೋಂಡಿಯಾನ ಬೆನ್ನುಹತ್ತಿದ ಆ ತಿಂಗಳುಗಳು ಅವನು ಸ್ವತಂತ್ರವಾಗಿ ನಡೆಸಿದ ಮೊದಲ ದಂಡಯಾತ್ರೆ. ಮಳೆಗಾಲದಲ್ಲಿ ತುಂಬಿದ ಹೊಳೆ ದಾಟಿಸೋದು, ಎರೆ ಮಣ್ಣಿನಲ್ಲಿ ಫಿರಂಗಿ ಎಳೆಸೋದು, ಎತ್ತುಗಳಿಗೆ ಮೇವು, ಸೈನ್ಯಕ್ಕೆ ಅಕ್ಕಿ. ಸೈನ್ಯ ಹೊಟ್ಟೆಯ ಮೇಲೆ ನಡೆಯುತ್ತೆ ಅನ್ನೋದನ್ನ ಅವನು ಕಲಿತಿದ್ದು ನಮ್ಮ ಸೀಮೆಯ ಎತ್ತುಗಳ ಹಿಂದೆ. ಮುಂದೆ ಸ್ಪೇನು, ಪೋರ್ಚುಗಲ್ಲಿನಲ್ಲಿ ವರ್ಷಗಟ್ಟಲೆ ಸೈನ್ಯ ನಡೆಸಿದಾಗ ಕೈಹಿಡಿದದ್ದು ಇದೇ ವಿದ್ಯೆ.

ನೆಪೋಲಿಯನ್ ಮಾತ್ರ ಇದನ್ನ ಅನುಭವ ಅಂತ ಒಪ್ಪಲಿಲ್ಲ. ಅವನ ಲೆಕ್ಕದಲ್ಲಿ ವೆಲ್ಲೆಸ್ಲಿ ಬರೀ "ಸಿಪಾಯಿಗಳ ಜನರಲ್". ಹಿಂದೂಸ್ತಾನದ ಹೊಳೆದಂಡೆಯ ಅನುಭವ ಯುರೋಪಿನ ಕೆಲಸಕ್ಕೆ ಬರೋದಿಲ್ಲ ಅಂತ ಅವನ ಭಾವನೆ. 1815ರ ಜೂನ್ 18ರಂದು ವಾಟರ್ಲೂನಲ್ಲಿ ಆ ಭಾವನೆಗೆ ಉತ್ತರ ಸಿಕ್ಕಿತು. ಐರಣಿ ದಾಟಿ ಹೋದ 15 ವರ್ಷಕ್ಕೆ.

ಇನ್ನೊಂದು ಸಣ್ಣ ಸಂಗತಿ. ಧೋಂಡಿಯಾ ಸತ್ತ ಮೇಲೆ ಅವನ ಪುಟ್ಟ ಮಗ ಸಲಾಬತ್ ಖಾನ್ ವೆಲ್ಲೆಸ್ಲಿಯ ಕೈಗೆ ಸಿಕ್ಕ. ವೆಲ್ಲೆಸ್ಲಿ ಅವನನ್ನ ಸಾಕಿದ, ದೇಶ ಬಿಟ್ಟು ಹೋಗುವಾಗ ಅವನ ಖರ್ಚಿಗೆ ದುಡ್ಡು ಇಟ್ಟು ಹೋದ. ಹುಡುಗ ದೊಡ್ಡವನಾಗಿ ಮೈಸೂರು ಅರಸರ ಸೇವೆಗೆ ಸೇರಿ, 1822ರಲ್ಲಿ ಕಾಲರಾ ಬಂದು ತೀರಿಕೊಂಡ. ಅಪ್ಪನ ಸವಾರರಿಗೆ ಅನುಭವ ಇತ್ತು, ಹೇಳುವವರಿರಲಿಲ್ಲ. ಮಗನ ಬೆನ್ನಿಗೆ ಒಂದು ದೊಡ್ಡ ಹೆಸರಿತ್ತು. ಇದನ್ನ ತಮ್ಮನಿಗೆ ಹೇಳಿದಾಗ, "ಅಂದ್ರ ಆಗಿಂದಾನೂ ಇನ್ಫ್ಲುಯೆನ್ಸೇ ಬಿಡು" ಅಂದ. ತಡಿಯೋ, ಕತೆ ಇನ್ನೂ ಇದೆ ಅಂದೆ.

*

1818ರಲ್ಲಿ ಪೇಶ್ವೆಯ ರಾಜ್ಯ ಹೋಗಿ ನಮ್ಮ ಸೀಮೆ ಕಂಪನಿಯ ಕೈಗೆ ಬಂತು. ಐರಣಿ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತು. ಹೊಳೆಯಾಚೆ ಹರಿಹರ ಮೈಸೂರು ಸಂಸ್ಥಾನ. 1956ರ ನವೆಂಬರ್ 1ರ ತನಕ ಈ ಹೊಳೆಯೇ ಗಡಿ. ಈಚೆ ದಂಡೆಯ ಹುಡುಗನಿಗೆ ಸರಕಾರಿ ಕೆಲಸ ಅಂದ್ರೆ ರಾಣೇಬೆನ್ನೂರಿನ ಮಾಮಲೇದಾರ ಕಚೇರಿ, ಅದರ ಮೇಲೆ ಧಾರವಾಡ.

ಊರೊಳಗಿನ ಕೆಲಸಗಳಿಗೆ ಜಾಹೀರಾತೂ ಇಲ್ಲ, ಸಂದರ್ಶನವೂ ಇಲ್ಲ. ಗೌಡಿಕೆ, ಕುಲಕರ್ಣಿಕೆ ವತನಗಳು. ಅಪ್ಪನ ದಫ್ತರ ಮಗನಿಗೆ. ಕುಲಕರ್ಣಿಯ ಮಗ ಚಿಕ್ಕವನಿದ್ದಾಗಲೇ ಅಪ್ಪನ ಪಕ್ಕ ಕೂತು ಲೆಕ್ಕ ಬರೆಯೋದನ್ನ ನೋಡ್ತಿದ್ದ. ಅನುಭವಕ್ಕೆ ಅನುಭವ, ಕೆಲಸಕ್ಕೆ ಕೆಲಸ. ಲೂಪಿನ ಪ್ರಶ್ನೆಯೇ ಇಲ್ಲ! ಮುಂಬಯಿ ಸರಕಾರ 1950ರ ಕಾಯಿದೆಯಿಂದ ಕುಲಕರ್ಣಿ ವತನ ತೆಗೆದು, ಸಂಬಳದ ತಲಾಟಿಗಳನ್ನ ತರುವ ತನಕ ಇದೇ ನಡೆಯಿತು.

ವತನ ಇಲ್ಲದವರು ಏನು ಮಾಡಬೇಕು? ಅವರಿಗಿದ್ದ ದಾರಿಯ ಹೆಸರು ಉಮೇದುವಾರಿ.

ಈಗ ಉಮೇದುವಾರ ಅಂದ್ರೆ ನಮಗೆ ನೆನಪಾಗೋದು ಚುನಾವಣೆಗೆ ನಿಂತವನು. ಆ ಕಾಲದಲ್ಲಿ ಉಮೇದುವಾರ ಅಂದ್ರೆ ಕಚೇರಿಯಲ್ಲಿ ಸಂಬಳವಿಲ್ಲದೆ ಕೆಲಸ ಕಲಿಯುತ್ತಾ, ಜಾಗ ಖಾಲಿಯಾಗೋದನ್ನ ಕಾಯುವವನು. ಪಾರಸಿಯ ಉಮೇದು, ಅಂದ್ರೆ ಆಸೆ, ಭರವಸೆ. ಉಮೇದುವಾರ ಅಂದ್ರೆ ಆಸೆ ಇಟ್ಟುಕೊಂಡವನು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಪ್ರಕಟಿಸಿದ ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲೂ ಈ ಪದ ಇದೆ, ಅರ್ಥವೂ ಇದೇ. ಮರಾಠಿಯಲ್ಲಿ ಈಗಲೂ ಒಬ್ಬ ಮನುಷ್ಯ ಕೆಲಸ ಕಲಿಯುವ, ಕಷ್ಟಪಡುವ ಮೊದಲ ವರ್ಷಗಳಿಗೆ "ಉಮೇದವಾರಿ" ಅಂತಾರೆ. ಇಂಟರ್ನ್‌ಶಿಪ್ಪಿಗೆ ಕನ್ನಡ ಪದ ಏನು ಅಂತ ನಾವು ತಲೆ ಕೆರೆದುಕೊಳ್ತೀವಿ. ಮನೆಯಲ್ಲೇ ಪದ ಇತ್ತು, ಚುನಾವಣೆಯವರು ಎತ್ತಿಕೊಂಡು ಹೋದರು :)

ಉಮೇದುವಾರ ಏನು ಮಾಡ್ತಿದ್ದ? ಅರ್ಜಿ ನಕಲು ಮಾಡೋದು, ದಫ್ತರ ಕಟ್ಟೋದು, ಕಾರಕೂನರು ಹೇಳಿದ ಲೆಕ್ಕ ಕೂಡಿಸೋದು. ಮೊದಲ ದಶಕಗಳಲ್ಲಿ ಕಚೇರಿಯ ಬರಹ ಮರಾಠಿ, ಅದೂ ಮೋಡಿ ಅಕ್ಷರ. ಹಾಗಾಗಿ ಕನ್ನಡದ ಹುಡುಗ ಮೊದಲು ಇನ್ನೊಂದು ಭಾಷೆ, ಇನ್ನೊಂದು ಲಿಪಿ ಕಲಿಯಬೇಕಿತ್ತು. ಜಾವಾ ಬಂದವನಿಗೆ ಪೈಥಾನ್ ಕೇಳಿದ ಹಾಗೆ. ಎಷ್ಟು ದಿನ ಅಂತ ಯಾರೂ ಹೇಳ್ತಿರಲಿಲ್ಲ. ಯಾರಾದರೂ ನಿವೃತ್ತರಾಗಬೇಕು, ವರ್ಗವಾಗಬೇಕು, ಇಲ್ಲಾ ಸಾಯಬೇಕು. ಆಗ ಮೇಲಿನವರು ಉಮೇದುವಾರರ ಕಡೆ ನೋಡಿ, ಒಬ್ಬನಿಗೆ ಕೈ ಮಾಡಬೇಕು.

ಇದನ್ನೆಲ್ಲ ಓದುವಾಗ ನನಗೆ ಅಜ್ಜ ಹೇಳುತ್ತಿದ್ದ ಒಂದು ಮಾತು ನೆನಪಾಯಿತು. ಅಜ್ಜನ ಅಜ್ಜ ರೊಟ್ಟಿ ಗಂಟು ಕಟ್ಟಿಕೊಂಡು ರಾಣೇಬೆನ್ನೂರಿಗೆ ಹೋಗಿ ಎರಡು ವರ್ಷ "ಕಚೇರ್ಯಾಗ ಇದ್ದ"ನಂತೆ. ಏನಾಗಿದ್ದ ಅಂತ ಕೇಳಿದ್ರೆ ಅಜ್ಜನಿಗೂ ಗೊತ್ತಿರಲಿಲ್ಲ. ಅವನ ಹೆಸರು ಯಾವ ಪಗಾರ ಪಟ್ಟಿಯಲ್ಲೂ ಇರೋಕೆ ಸಾಧ್ಯವಿಲ್ಲ, ಯಾಕಂದ್ರೆ ಪಗಾರವೇ ಇರಲಿಲ್ಲ. ಎರಡು ವರ್ಷದ ಮೇಲೆ ಮನೆಯಲ್ಲಿ ಬರ, ಸಾಲ. ವಾಪಸ್ ಬಂದು ಮೇಳಿ ಹಿಡಿದ. ಟ್ರಂಕಿನಲ್ಲಿ ಅವನದು ಅಂತ ಒಂದು ಕಾಗದ ಇದೆ. ಒತ್ತೊತ್ತಾದ ಮೋಡಿ ಅಕ್ಷರ. ಸಾಲುಗಳು ದಾರ ಹಿಡಿದ ಹಾಗೆ ನೆಟ್ಟಗಿವೆ. ಮನೆಯಲ್ಲಿ ಯಾರಿಗೂ ಓದೋಕೆ ಬರೋದಿಲ್ಲ. ಎರಡು ವರ್ಷದ ಅನುಭವಕ್ಕೆ ಉಳಿದ ಸಾಕ್ಷಿ ಅದೊಂದೇ, ಅದರ ಕೆಳಗೂ ಯಾರ ಸಹಿಯೂ ಇಲ್ಲ.

ಸಂಬಳವಿಲ್ಲದೆ ಎರಡು ಮೂರು ವರ್ಷ ಕಾಯೋಕೆ ಯಾರಿಂದ ಆಗುತ್ತೆ? ಮನೆಯಲ್ಲಿ ಹೊಲ ಇದ್ದವರಿಗೆ, ಪ್ಯಾಟಿಯಲ್ಲಿ ಉಣ್ಣೋಕೆ ನೆಂಟರ ಮನೆ ಇದ್ದವರಿಗೆ. ಇಲ್ಲದಿದ್ದರೆ ವಾರಾನ್ನ, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆದ್ರೆ ವಾರಾನ್ನವೂ ಎಲ್ಲ ಜಾತಿಯ ಹುಡುಗರಿಗೆ ಸಿಗುತ್ತಿರಲಿಲ್ಲ. ಮುಂದೆ ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಂಥವು ಬಂದ ಮೇಲೆ ಹಳ್ಳಿಯ ಎಷ್ಟೋ ಹುಡುಗರು ಊಟದ ಚಿಂತೆ ಬಿಟ್ಟು ಓದಿದರು. ಕಚೇರಿಗಳು ಒಂದೇ ಜಾತಿಯವರಿಂದ ತುಂಬಿಹೋಗಿವೆ ಅನ್ನೋ ಕೂಗು ಹೊಳೆಯಾಚೆ ಮೈಸೂರಿನಲ್ಲಿ ಎಷ್ಟು ಜೋರಾಯಿತು ಅಂದ್ರೆ, 1918ರಲ್ಲಿ ನಾಲ್ವಡಿಯವರ ಸರಕಾರ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಬೇಕಾಯಿತು. ಪುಕ್ಕಟೆ ದುಡಿಯೋಕೆ ಆಗುವವನಿಗೇ ಅನುಭವ, ಅನುಭವ ಇದ್ದವನಿಗೇ ಕೆಲಸ ಅಂತಾದರೆ, ಒಂದೆರಡು ತಲೆಮಾರಿನಲ್ಲಿ ಕಚೇರಿ ಯಾರ ಕೈಯಲ್ಲಿರುತ್ತೆ ಅಂತ ಹೇಳೋಕೆ ಪಂಚಾಂಗ ಬೇಕಿಲ್ಲ.

*

ಈ ಬಾಗಿಲುಗಳನ್ನ ಸ್ವಲ್ಪ ಅಲ್ಲಾಡಿಸಿದ್ದು ಪರೀಕ್ಷೆ. ಲಂಡನ್ನಿನಲ್ಲಿ ಕಂಪನಿಯ ನಿರ್ದೇಶಕರು ತಮಗೆ ಬೇಕಾದವರನ್ನ ಇಂಡಿಯಾದ ಕಲೆಕ್ಟರಿಕೆಗೆ ಆರಿಸುತ್ತಿದ್ದ ಪದ್ಧತಿ ಹೋಗಿ, 1855ರಲ್ಲಿ ಮೊದಲ ಮುಕ್ತ ಪರೀಕ್ಷೆ ನಡೆಯಿತು. ನಮ್ಮ ಹಳ್ಳಿಗಳ ಮಟ್ಟದಲ್ಲಿ ಬಂದದ್ದು ಮುಲ್ಕಿ ಪರೀಕ್ಷೆ. ಏಳನೇ ಇಯತ್ತೆ ಮುಗಿಸಿ ಮುಲ್ಕಿ ಪಾಸಾದರೆ ಕನ್ನಡ ಶಾಲೆ ಮಾಸ್ತರಿಕೆಗೆ ದಾರಿ. "ನಮ್ಮಜ್ಜ ಮುಲ್ಕಿ ಪಾಸು" ಅಂತ ಉತ್ತರ ಕರ್ನಾಟಕದ ಮನೆಗಳಲ್ಲಿ ಈಗಲೂ ಹೆಮ್ಮೆಯಿಂದ ಹೇಳ್ತಾರೆ. ಯಾಕೆ ಹೆಮ್ಮೆ ಅಂತ ನನಗೆ ಈಗ ಅರ್ಥವಾಯಿತು. ಯಾರ ಕೈಕಾಲೂ ಹಿಡಿಯದೆ ಸಿಕ್ಕ ಕಾಗದ ಅದು.

ನಮ್ಮ ಇಂಜಿನಿಯರುಗಳ ದೇವರು ವಿಶ್ವೇಶ್ವರಯ್ಯನವರು 1883ರಲ್ಲಿ ಪುಣೆಯಲ್ಲಿ ಮೊದಲನೆಯವರಾಗಿ ಪಾಸಾದರು. ಮರುವರ್ಷವೇ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್. ಎರಡು ವರ್ಷದ ಅನುಭವ ಇದೆಯಾ ಅಂತ ಅವರನ್ನ ಯಾರೂ ಕೇಳಲಿಲ್ಲ! ಆದ್ರೆ ಮೊದಲನೇ ಸ್ಥಾನ ಒಬ್ಬರಿಗೇ ಇರೋದು. ಉಳಿದವರ ಗತಿ?

ಉಳಿದವರಿಗೆ ದಾರಿ ತೆರೆದದ್ದು ಕಾರ್ಖಾನೆ. ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬಯಿಯಲ್ಲಿ ಮಾಸ್ತರಾಗಿದ್ದರು. ತಮಗೆ ಬರಬೇಕಾದ ಬಡ್ತಿ ಬೇರೆಯವರಿಗೆ ಹೋದಾಗ ಕೆಲಸ ಬಿಟ್ಟು ಬೆಳಗಾವಿಗೆ ಬಂದು ಸೈಕಲ್ ಅಂಗಡಿ ನೋಡಿಕೊಂಡರು. ಅದು ಬೆಳೆದು ನೇಗಿಲು, ಪಂಪು, ಕಿರ್ಲೋಸ್ಕರವಾಡಿ ಆಯಿತು. 1941ರಲ್ಲಿ ನಮ್ಮ ಹೊಳೆಯಾಚೆ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇಥು ಯಂತ್ರ ಮಾಡೋಕೆ ನಿಂತಿತು. 1972ರಲ್ಲಿ ಹೊಳೆಯ ಈಚೆ, ನಮ್ಮದೇ ತಾಲ್ಲೂಕಿನ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಬಂತು. ನಮ್ಮೂರ ಕಡೆ "ಕಿರ್ಲೋಸ್ಕರದಾಗ ಅಪ್ರೆಂಟಿಸ್ ಮಾಡ್ಯಾನ" ಅಂದ್ರೆ ಹೆಣ್ಣು ಕೊಡುವವರು ಎದ್ದು ಕೂರ್ತಿದ್ದರಂತೆ. ಆ ಕಿರ್ಲೋಸ್ಕರ್ ಮುಚ್ಚಿ ಬಹಳ ವರ್ಷಗಳಾದವು. ಕಲಿತವರ ಕೈಯ ಕೆಲಸ ಮಾತ್ರ ಅಲ್ಲಿಲ್ಲಿ ಸಣ್ಣ ವರ್ಕ್‌ಶಾಪುಗಳಲ್ಲಿ ಈಗಲೂ ಅನ್ನ ಕೊಡ್ತಿದೆ.

ಇಲ್ಲಿ ಒಂದು ಕಾಯಿದೆಯ ಮಾತು ಹೇಳಲೇಬೇಕು. 1961ರ ಅಪ್ರೆಂಟಿಸ್ ಕಾಯಿದೆ. ಕಾರ್ಖಾನೆಗಳು ಇಂತಿಷ್ಟು ಜನ ಹುಡುಗರನ್ನ ಕಲಿಯೋಕೆ ತೆಗೆದುಕೊಳ್ಳಬೇಕು, ಭತ್ಯೆ ಕೊಡಬೇಕು, ಬರಹದಲ್ಲಿ ಕರಾರು ಆಗಬೇಕು ಅಂತ ಅದು ಹೇಳಿತು. 1973ರ ತಿದ್ದುಪಡಿಯಿಂದ ಪದವಿ, ಡಿಪ್ಲೊಮಾ ಇಂಜಿನಿಯರುಗಳೂ ಸೇರಿದರು. ಅಜ್ಜನ ಅಜ್ಜನಿಗೆ ಸಿಗದೇ ಹೋದ ಎರಡು ಸಂಗತಿಗಳು ಈ ಕಾಯಿದೆಯಲ್ಲಿ ಸಿಕ್ಕವು ಅಂತ ನನಗೆ ಅನ್ನಿಸುತ್ತೆ. ಒಂದು, ಕಲಿಯುವಾಗ ಊಟದ ದುಡ್ಡು. ಇನ್ನೊಂದು, ಕಲಿತದ್ದಕ್ಕೆ ಸಹಿ ಇರುವ ಕಾಗದ. 2024ರ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಶುರುವಾದಾಗ 21ರಿಂದ 24 ವರ್ಷದವರಿಗೆ ದೊಡ್ಡ ಕಂಪನಿಗಳಲ್ಲಿ 12 ತಿಂಗಳು, ತಿಂಗಳಿಗೆ 5000 ರೂಪಾಯಿ ಅಂದಿತು. ಬೆಂಗಳೂರಲ್ಲಿ ಪಿಜಿ ಬಾಡಿಗೆಗೂ ಸಾಲೋದಿಲ್ಲ ನಿಜ. ಆದ್ರೂ ಸೊನ್ನೆಗಿಂತ 5000 ದೊಡ್ಡದು. ಇವತ್ತಿಗೂ ಸೊನ್ನೆ ಕೊಡುವ ಇಂಟರ್ನ್‌ಶಿಪ್ಪುಗಳಿವೆ. ಹುಡುಗರಿಂದಲೇ ದುಡ್ಡು ಕಟ್ಟಿಸಿಕೊಳ್ಳುವವೂ ಇವೆ. ಉಮೇದುವಾರ ದುಡಿಮೆ ಕೊಡ್ತಿದ್ದ, ಈಗಿನವನು ದುಡಿಮೆಯ ಜೊತೆ ದಕ್ಷಿಣೆಯನ್ನೂ ಕೊಡ್ತಾನೆ.

*

ಸಂಬಳಕ್ಕೆ ಆಸೆ ಪಡದೆ ಮಾಡಿದ ಕೆಲಸದ ಕತೆಯೂ ನಮ್ಮ ಜಿಲ್ಲೆಯಲ್ಲೇ ಇದೆ. 1923ರಲ್ಲಿ ಡಾ. ನಾ. ಸು. ಹರ್ಡೀಕರರು ಹುಬ್ಬಳ್ಳಿಯಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಸ್ವಯಂಸೇವಕರಿಗೂ ತರಬೇತಿ ಬೇಕು, ಬರೀ ಉತ್ಸಾಹ ಸಾಲದು ಅನ್ನೋದು ಅವರ ನಂಬಿಕೆ. 1924ರ ಡಿಸೆಂಬರಿನ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಆ ಸ್ವಯಂಸೇವಕರು ದುಡಿದರು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವ 1930ರಲ್ಲಿ, ಇನ್ನೂ 19 ತುಂಬದ ವಯಸ್ಸಿನಲ್ಲಿ, ಗಾಂಧೀಜಿ ಜೊತೆ ದಂಡಿಗೆ ನಡೆದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ.

ಬದುಕುಳಿದವರ ಮುಂದೆ 1972ರಲ್ಲಿ ಒಂದು ಫಾರ್ಮು ಬಂತು. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಯೋಜನೆ. ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ಜೈಲುವಾಸಕ್ಕೆ ದಾಖಲೆ ಬೇಕು. ಜೈಲಿನ ದಾಖಲೆ ಸಿಗದಿದ್ದರೆ ಜೊತೆಯಲ್ಲಿ ಜೈಲಿನಲ್ಲಿದ್ದವರ ಪತ್ರ ಬೇಕು. ಸರಕಾರದ ದೃಷ್ಟಿಯಿಂದ ನೋಡಿದ್ರೆ ಇದು ಸರಿಯೇ, ಸುಳ್ಳು ಹೋರಾಟಗಾರರನ್ನ ತಡೆಯಬೇಕಲ್ಲ. ಆದ್ರೆ ಭೂಗತರಿಗೆ ರಾತ್ರಿ ರೊಟ್ಟಿ ಕೊಟ್ಟು ಕಳಿಸಿದ ಹೆಣ್ಣುಮಕ್ಕಳ ಹತ್ರ ಯಾವ ಜೈಲರನ ಸಹಿ ಇರುತ್ತೆ? ದೇಶಕ್ಕೆ ದುಡಿದರೂ ಕೊನೆಗೆ ಕೇಳೋದು ಅದನ್ನೇ. ಯಾರು ನೋಡಿದ್ದಾರೆ? ಯಾರು ಬರೆದು ಕೊಡ್ತಾರೆ?

ಇಷ್ಟೆಲ್ಲ ಓದಿದ ಮೇಲೆ ನನಗೆ ಹೊಳೆದದ್ದು ಇಷ್ಟು. ಅನುಭವ ಬೇರೆ, ಅನುಭವದ ಸಾಕ್ಷಿ ಬೇರೆ. ಇನ್ನೂರು ವರ್ಷದಲ್ಲಿ ನಮ್ಮ ಸೀಮೆಯ ಜನಕ್ಕೆ ಅನುಭವದ ಕೊರತೆ ಇರಲಿಲ್ಲ, ಸಾಕ್ಷಿಯ ಕೊರತೆ ಇತ್ತು. ಖೋಟಾ ಸರ್ಟಿಫಿಕೇಟು ಮಾರುವವನು ಬದುಕೋದು ಈ ಎರಡರ ನಡುವಿನ ಸಂದಿಯಲ್ಲಿ.

*

ಮತ್ತೆ ತಮ್ಮನ ಹತ್ರ ಬರ್ತೀನಿ.

ಮೊದಲು ಅವನಿಗೆ ನನ್ನ ಒಂದು ಗುಟ್ಟು ಹೇಳಿದೆ. ನನ್ನ ಮೊದಲ ರೆಸ್ಯೂಮೆಯಲ್ಲಿ, ನಾಲ್ಕು ಜನ ಸೇರಿ ಮಾಡಿದ ಕಾಲೇಜು ಪ್ರಾಜೆಕ್ಟಿಗೆ ನಾನು "ತಂಡದ ನಾಯಕ" ಅಂತ ಬರೆದಿದ್ದೆ. ಸಂದರ್ಶನದಲ್ಲಿ ಒಬ್ಬರು ಶಾಂತವಾಗಿ, "ನಾಯಕನಾಗಿ ನೀವು ತೆಗೆದುಕೊಂಡ ಒಂದು ತಪ್ಪು ನಿರ್ಧಾರ ಹೇಳಿ" ಅಂದರು. ಬಾಯಿ ಒಣಗಿತು. ನಾಯಕನೇ ಅಲ್ಲದವನಿಗೆ ತಪ್ಪು ನಿರ್ಧಾರ ಎಲ್ಲಿಂದ ಬರಬೇಕು? ಕೆಲಸ ಸಿಗಲಿಲ್ಲ. ಈಗ ನಾನೇ ಕೆಲವೊಮ್ಮೆ ಮೇಜಿನ ಆ ಕಡೆ ಕೂರ್ತೀನಿ. ಸುಳ್ಳು ಅನುಭವ ಗೊತ್ತಾಗೋದು ಹೀಗೆ. ಅದರಲ್ಲಿ ತಪ್ಪುಗಳೇ ಇರೋದಿಲ್ಲ.

ಅದು ದಾಟಿದರೂ ಆಮೇಲೆ ಹಿನ್ನೆಲೆ ಪರಿಶೀಲನೆ ಇರುತ್ತೆ. ಪಿ.ಎಫ್. ಕಟ್ಟುವ ಕಂಪನಿಯಲ್ಲಿ ದುಡಿದಿದ್ದರೆ ಯು.ಎ.ಎನ್. ಸಂಖ್ಯೆಯಲ್ಲಿ ಯಾವಾಗ ಸೇರಿದೆ, ಯಾವಾಗ ಬಿಟ್ಟೆ ಅನ್ನೋದು ಕಾಣುತ್ತೆ. ಪಗಾರ ಚೀಟಿ ಪ್ರಿಂಟ್ ಮಾಡಬಹುದು, ಎರಡು ವರ್ಷದ ಪಿ.ಎಫ್. ಜಮಾ ಪ್ರಿಂಟ್ ಮಾಡೋಕಾಗಲ್ಲ. ಸೇರಿದ ಮೇಲೆ ಸಿಕ್ಕಿಬಿದ್ದರೆ ಕೆಲಸ ಹೋಗುತ್ತೆ, ಜೊತೆಗೆ ಹೆಸರೂ ಹೋಗುತ್ತೆ. ವೆಲ್ಲೆಸ್ಲಿ ಹುದ್ದೆ ಕೊಂಡಿದ್ದು ಕಾನೂನು ಒಪ್ಪಿದ ಕಾಲದಲ್ಲಿ, ಕೊಟ್ಟಿದ್ದು ಅಣ್ಣನ ದುಡ್ಡು. ನಿನ್ನ ಅಣ್ಣ ಗವರ್ನರ್ ಜನರಲ್ ಅಲ್ಲ ಅಂದೆ. ನಕ್ಕ.

ಆಮೇಲೆ ಒಂದು ಹಾಳೆ ಕೊಟ್ಟು, "ಈ ಐದು ವರ್ಷದಾಗ ಏನೇನು ಕೆಲಸ ಮಾಡಿ, ಬರಿ" ಅಂದೆ. "ಏನೂ ಮಾಡಿಲ್ಲಣ್ಣಾ" ಅಂದ. ಕೆದಕಿ ಕೆದಕಿ ಕೇಳಿದ್ದಕ್ಕೆ ಒಂದೊಂದೇ ಬಂತು.

2021ರಲ್ಲಿ ಕೊರೊನಾ ಲಸಿಕೆಗೆ ಕೋವಿನ್‌ನಲ್ಲಿ ಹೆಸರು ಹಚ್ಚಬೇಕಿತ್ತಲ್ಲ, ಆಗ ಸ್ಮಾರ್ಟ್‌ಫೋನ್ ಇಲ್ಲದ ಮುದುಕರ ಹೆಸರನ್ನ ಕಟ್ಟೆಯ ಮೇಲೆ ಕೂತು ನೋಂದಾಯಿಸಿದ್ದು ಇವನು. ಎಷ್ಟು ಜನ ಅಂದೆ. ನೋಟುಬುಕ್ಕಿನಲ್ಲಿ ಪಟ್ಟಿ ಇಟ್ಟಿದ್ದ! ಎಣಿಸಿದರೆ ನೂರಾ ನಲವತ್ತು ಚಿಲ್ಲರೆ. ಆಮೇಲೆ ಎರಡು ಸುಗ್ಗಿ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಇದ್ದ. ರೈತರ ಚೀಲ ಬಂದ ಕೂಡಲೇ ಲಾಟ್ ನಂಬರು ಹಾಕೋದು, ಇ-ಟೆಂಡರಿನಲ್ಲಿ ಬಂದ ರೇಟು ನೋಡಿ ಪಟ್ಟಿ ಮಾಡೋದು, ತೂಕ ಕೂಡಿಸಿ, ಹಮಾಲಿ ಕಳೆದು ರೈತನ ಪಟ್ಟಿ ಬರೆಯೋದು. ಕೈಯಿಂದ ಮಾಡಿದರೆ ತಡ ಅಂತ ಅದಕ್ಕೊಂದು ಎಕ್ಸೆಲ್ ಹಾಳೆ ತಾನೇ ಮಾಡಿಕೊಂಡಿದ್ದ. "ಅದೇನು ಕೆಲಸಲ್ಲ ಬಿಡಣ್ಣಾ, ಸೀನಿಕೋಂತ ಕುಂತಿದ್ದೆ ಅಷ್ಟ" ಅಂದ.

ನನಗೆ ತಲೆ ಚಚ್ಚಿಕೊಳ್ಳೋ ಹಾಗಾಯ್ತು. ಬೆಂಗಳೂರಿನ ಕಂಪನಿಗಳು ಇದನ್ನೇ ದೊಡ್ಡ ದೊಡ್ಡ ಹೆಸರಿಟ್ಟು ಕೇಳ್ತಾವೆ ಕಣೋ ಅಂದೆ. ಇಬ್ಬರೂ ಕೂತು ಬರೆದೆವು. ನಿಯಮ ಒಂದೇ. ಯಾರಿಗಾಗಿ ಮಾಡಿದೆ, ಏನು ಮಾಡಿದೆ, ಎಷ್ಟು ಮಾಡಿದೆ, ಅದರಿಂದ ಏನು ಬದಲಾಯಿತು, ಯಾರನ್ನ ಕೇಳಿದರೆ ಹೌದು ಅಂತಾರೆ. ಈ ಐದಕ್ಕೆ ಉತ್ತರ ಇಲ್ಲದ ಸಾಲು ರೆಸ್ಯೂಮೆಯಲ್ಲಿ ಬೇಡ. "ಸ್ವಯಂಸೇವೆ" ಅಂತ ಮೊದಲೇ ಹೇಳು, ಸಂಬಳದ ಕೆಲಸ ಅನ್ನೋ ಹಾಗೆ ತೋರಿಸಬೇಡ. ಎರಡು ಸುಗ್ಗಿ ಅಂದ್ರೆ ತಿಂಗಳುಗಳನ್ನ ಹಾಗೇ ಬರಿ, ಎರಡು ವರ್ಷ ಅಂತ ಹಿಗ್ಗಿಸಬೇಡ. "ಪರಿಶ್ರಮಿ", "ಉತ್ಸಾಹಿ" ಅಂತ ಬರೆದಿದ್ದನ್ನೆಲ್ಲ ಹೊಡೆದುಹಾಕಿದೆವು. ಆ ಜಾಗಕ್ಕೆ ಎಕ್ಸೆಲ್ ಹಾಳೆ ಬಂತು.

ಕೊನೆಗೆ ಸಾಕ್ಷಿ. ದಲಾಲಿ ಅಂಗಡಿಯ ಸಾವ್ಕಾರರ ಹತ್ರ ಹೋಗಿ ಒಂದು ಪತ್ರ ಕೇಳು ಅಂದೆ. ಅವನಿಗೆ ನಾಚಿಕೆ. "ಏನಂದ್ಕೋತಾರೋ ಏನೋ." ಒಂದು ವಾರ ತಳ್ಳಿದ. ಆಮೇಲೆ ಹೋದ. ಸಾವ್ಕಾರರು ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ತಮ್ಮ ಕೈಯಾರೆ ಬರೆದು, ಸಿಕ್ಕಾ ಹೊಡೆದು ಕೊಟ್ಟರಂತೆ. ಫೋಟೋ ತೆಗೆದು ನನಗೆ ಕಳಿಸಿದ.

2024ರ ಮಾರ್ಚ್ 11 ನಿಮಗೆ ನೆನಪಿರಬಹುದು. ರೇಟು ಬಿದ್ದಿದ್ದಕ್ಕೆ ಸಿಟ್ಟಾದ ರೈತರು ಬ್ಯಾಡಗಿ ಮಾರುಕಟ್ಟೆಯ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಬಿದ್ದ ದಿನ. ಸಾವ್ಕಾರರ ಪತ್ರದಲ್ಲಿ ಆ ದಿನದ ಬಗ್ಗೆ ಒಂದು ಸಾಲಿತ್ತು. ಗಲಾಟೆಯಲ್ಲಿ ಎಲ್ಲರೂ ಓಡುವಾಗ ಈ ಹುಡುಗ ರೈತರ ಲೆಕ್ಕದ ಪುಸ್ತಕ ಎದೆಗೆ ಅವಚಿಕೊಂಡು ಮನೆಗೆ ಒಯ್ದಿದ್ದ, ಮರುದಿನ ಒಂದು ಚೀಲದ ಲೆಕ್ಕವೂ ತಪ್ಪಿರಲಿಲ್ಲ ಅಂತ.

ತಮ್ಮ ಇದನ್ನ ನನಗೆ ಹೇಳಿಯೇ ಇರಲಿಲ್ಲ. ಕೇಳಿದ್ರೆ, "ಅದನ್ನೇನು ರೆಸ್ಯೂಮ್ಯಾಗ ಬರೀತಾರೇನಣ್ಣಾ" ಅಂದ.

ಕತೆಗೆ ಸಿನಿಮಾದ ಹಾಗೆ ಮುಕ್ತಾಯ ಇಲ್ಲ. ಇಲ್ಲಿಯ ತನಕ ಮೂರು ಸಂದರ್ಶನ ಆಗಿವೆ. ಒಂದು ಕಡೆ ಬೇಡ ಅಂದರು. ಇನ್ನೊಂದು ಕಡೆ ಉತ್ತರ ಬಂದಿಲ್ಲ. ಹುಬ್ಬಳ್ಳಿಯ ಒಂದು ಕಡೆ ಎರಡನೇ ಸುತ್ತಿಗೆ ಕರೆದಿದ್ದಾರೆ. ಅಲ್ಲಿ ಅರ್ಧ ಗಂಟೆ ಬರೀ ಮೆಣಸಿನಕಾಯಿ ಲಾಟಿನ ಬಗ್ಗೆಯೇ ಕೇಳಿದರಂತೆ. ಎಲ್ಲಿ ತಪ್ಪಿದೆ ಅಂತಲೂ ಕೇಳಿದರಂತೆ. ಇವನ ಹತ್ರ ಹೇಳೋಕೆ ತಪ್ಪುಗಳು ಬೇಕಾದಷ್ಟಿದ್ದವು :) ಅಪ್ಪನಿಂದ ಈಸಿಕೊಂಡ ದುಡ್ಡನ್ನ ವಾಪಸ್ ಕೊಟ್ಟಿದ್ದಾನೆ. ನನಗೆ ಸದ್ಯಕ್ಕೆ ಅಷ್ಟು ಸಾಕು.

ಮುಂದಿನ ಸಲ ಊರಿಗೆ ಹೋದಾಗ ಟ್ರಂಕಿನ ಆ ಕಾಗದವನ್ನ ಮೋಡಿ ಬಲ್ಲ ಯಾರಿಗಾದರೂ ತೋರಿಸಬೇಕು ಅಂತಿದೀನಿ. ಅದು ಯಾವುದೋ ರೈತನ ಅರ್ಜಿಯ ನಕಲು ಇರಬಹುದು, ಬರೀ ಅಕ್ಷರ ತಿದ್ದಿದ್ದೂ ಇರಬಹುದು. ಏನೇ ಇರಲಿ, ಎರಡು ವರ್ಷ ದುಡಿದವನ ಕೈ ಅದು.

ನಿಮ್ಮಲ್ಲಿ ಯಾರಿಗಾದರೂ ಮೋಡಿ ಓದೋಕೆ ಬಂದರೆ ದಯವಿಟ್ಟು ತಿಳಿಸಿ. ಹಾಗೇ ನಿಮ್ಮ ಮೊದಲ ಕೆಲಸ ಯಾವುದು, ಅದಕ್ಕೆ ಯಾರಾದರೂ ಸಹಿ ಹಾಕಿ ಕಾಗದ ಕೊಟ್ಟರಾ, ಅದನ್ನೂ ಬರೀರಿ. ಮನೆಯಲ್ಲಿ ತಮ್ಮನೋ ತಂಗಿಯೋ "ನಾನೇನೂ ಮಾಡಿಲ್ಲ" ಅಂತ ಕೂತಿದ್ದರೆ, ಒಂದು ಹಾಳೆ ಕೊಟ್ಟು ಪಕ್ಕದಲ್ಲಿ ಕೂತ್ಕೊಳ್ಳಿ.

ಸಿಗೋಣ.